ಬೈಪೋಲಾರ್‌ಗೆ ಯಾವ ಮಾತ್ರೆ? ಲಿಥಿಯಂನಿಂದ ಕ್ವೆಟಿಯಾಪಿನ್‌ವರೆಗೆ ಒಂದು ಹೋಲಿಕೆ

"ಲಿಥಿಯಂ ಕೊಡಬಹುದು, ವ್ಯಾಲ್ಪ್ರೊಯೇಟ್ ಕೂಡ ಆಗುತ್ತೆ. ಯೋಚನೆ ಮಾಡಿ ಹೇಳಿ ಅಂದರು ಡಾಕ್ಟರು. ಏನಂತ ಯೋಚನೆ ಮಾಡ್ಲಿ?" ಈ ಪ್ರಶ್ನೆಯನ್ನು ಬೇರೆ ಬೇರೆ ಜನ ನನಗೆ ಕೇಳಿದ್ದಾರೆ. ಮಾತ್ರೆಯ ಹೆಸರು ಬದಲಾಗುತ್ತೆ, ಗೊಂದಲ ಅದೇ. ಕೆಳಗಿನ ನಾಲ್ಕು ಔಷಧಿಗಳಲ್ಲಿ ಮೂರನ್ನು ನಾನೇ ನುಂಗಿದ್ದೇನೆ. ನಾನು ಡಾಕ್ಟರಲ್ಲ. ಚೀಟಿ ಬರೆಯುವವರು ಅವರೇ. ಆದರೆ ಅವರ ಮುಂದೆ ಕೂತಾಗ ಏನು ಕೇಳಬೇಕು, ಯಾವುದಕ್ಕೆ ಯಾವುದನ್ನು ಬಿಟ್ಟುಕೊಡುತ್ತಿದ್ದೇವೆ ಅನ್ನೋದು ಗೊತ್ತಿದ್ದರೆ ಮಾತು ಬೇಗ ದಾರಿಗೆ ಬರುತ್ತೆ.

ಕಾಯಿಲೆಯ ಬಗ್ಗೆ ಎರಡೇ ಮಾತು. ಬೈಪೋಲಾರ್ ಅಂದರೆ ಮನಸ್ಸಿನ ಏರು ಮತ್ತು ತಗ್ಗು: ಏರಿನಲ್ಲಿ ಮಿತಿಮೀರಿದ ಹುರುಪು, ತಗ್ಗಿನಲ್ಲಿ ಖಿನ್ನತೆ. ಏರು ಒಂದು ವಾರವಾದರೂ ಇದ್ದು ಬದುಕನ್ನೇ ಅಲ್ಲಾಡಿಸಿದರೆ, ಅಥವಾ ಆಸ್ಪತ್ರೆಗೆ ಸೇರಿಸುವ ಹಾಗಾದರೆ ಅದು ಮೇನಿಯಾ. ಅದು ಒಮ್ಮೆ ಬಂದರೂ ಟೈಪ್ 1 ಅನ್ನುತ್ತಾರೆ. ನಾಲ್ಕು ದಿನವಾದರೂ ಉಳಿಯುವ, ಆದರೆ ಕೆಲಸ ಕಾರ್ಯ ಪೂರ್ತಿ ಕೆಡಿಸದ ಸಣ್ಣ ಏರು ಹೈಪೊಮೇನಿಯಾ. ಅದರ ಜೊತೆಗೆ ದೊಡ್ಡ ಖಿನ್ನತೆ ಇದ್ದರೆ ಟೈಪ್ 2. ನನ್ನದು ಟೈಪ್ 1. ಮೊದಲ ಸಲ ಏರಿದಾಗ ನಾನು ರಾತ್ರಿ ಎರಡು ಗಂಟೆಗೆ ಕಪಾಟಿನ ಬಟ್ಟೆಯನ್ನೆಲ್ಲ ನೆಲಕ್ಕೆ ಹರವಿ ಬಣ್ಣದ ಪ್ರಕಾರ ಜೋಡಿಸುತ್ತಿದ್ದೆ. ಸುಸ್ತು ಅನ್ನೋದೇ ಇರಲಿಲ್ಲ. ಮೂರನೇ ರಾತ್ರಿಯೂ ಅದೇ ಕಪಾಟು, ಅದೇ ಬಟ್ಟೆ. ಬಾಗಿಲಲ್ಲಿ ನಿಂತ ಅಕ್ಕ "ಇದು ಸರಿಯಿಲ್ಲ ಕಣೇ" ಅಂದಳು. ನನಗೆ ಅವಳ ಮೇಲೆ ಸಿಟ್ಟು ಬಂತು, ಇಷ್ಟು ಚೆನ್ನಾಗಿರೋ ಹೊತ್ತಲ್ಲಿ ಇವಳದೊಂದು ಅಂತ.

ಯಾವುದರಿಂದ ಅಳೆಯಬೇಕು?

ಜನ ಮೊದಲು ಕೇಳುವುದು "ಯಾವುದು ಸ್ಟ್ರಾಂಗ್?" ಅಂತ. ಅದು ತಪ್ಪು ಅಳತೆಗೋಲು. ಮೊದಲು ಕೇಳಬೇಕಾದದ್ದು ನಿಮ್ಮನ್ನು ಜಾಸ್ತಿ ಕಾಡುವುದು ಏರೋ ತಗ್ಗೋ ಅಂತ. ಏರು ಎಲ್ಲರ ಕಣ್ಣಿಗೆ ಬೀಳುತ್ತೆ, ಆದ್ದರಿಂದ ಮನೆಯವರು ಅದನ್ನೇ ಹೇಳುತ್ತಾರೆ. ಆದರೆ ಲೆಕ್ಕ ಹಾಕಿದರೆ ಹೆಚ್ಚಿನವರಿಗೆ ತಗ್ಗಿನಲ್ಲಿ ಕಳೆದ ತಿಂಗಳುಗಳೇ ಜಾಸ್ತಿ. ಟೈಪ್ 2 ಇದ್ದವರಿಗಂತೂ ಕಾಯಿಲೆಯ ಬಹುಪಾಲು ಅದೇ.

ಎರಡನೆಯದು, ಮಾತ್ರೆ ಈಗ ಹತ್ತಿರುವ ಬೆಂಕಿ ಆರಿಸಲು ಬೇಕೋ, ಮುಂದೆ ಹತ್ತದ ಹಾಗೆ ಕಾಯಲು ಬೇಕೋ. ಎರಡೂ ಬೇರೆ ಕೆಲಸ. ಕೆಲವು ಔಷಧಿ ಒಂದರಲ್ಲಿ ಗಟ್ಟಿ, ಇನ್ನೊಂದರಲ್ಲಿ ಪುಸ್ಸು.

ಮೂರನೆಯದು ಗರ್ಭ. ಈಗ ಮಗು ಬೇಡ ಅನ್ನುವವರೂ ಇದನ್ನು ಹಾರಿಸಿ ಮುಂದೆ ಹೋಗಬಾರದು. ಯಾಕೆ ಅಂತ ವ್ಯಾಲ್ಪ್ರೊಯೇಟ್ ಬಂದಾಗ ಹೇಳುತ್ತೇನೆ.

ಆಮೇಲೆ ದೇಹ ತೆರುವ ಬೆಲೆ: ತೂಕ, ನಿದ್ದೆ, ಕೈ ನಡುಕ, ಕಿಡ್ನಿ. ಜೊತೆಗೆ ಶಿಸ್ತು: ರಕ್ತ ಪರೀಕ್ಷೆಗೆ ಹೋಗ್ತೀರಾ, ದಿನಾ ಹೊತ್ತಿಗೆ ಸರಿಯಾಗಿ ನುಂಗ್ತೀರಾ? ಇಲ್ಲಿ ಸುಳ್ಳು ಹೇಳಿಕೊಂಡರೆ ನಷ್ಟ ನಮಗೇ. ಖರ್ಚಿನ ಬಗ್ಗೆ ಒಂದು ಮಾತು. ಈ ನಾಲ್ಕೂ ಹಳೆಯ ಔಷಧಿಗಳು, ಜೆನೆರಿಕ್ ಸಿಗುತ್ತವೆ. ದುಡ್ಡು ಹೋಗುವುದು ಮಾತ್ರೆಗಿಂತ ಪರೀಕ್ಷೆಗೆ, ಡಾಕ್ಟರ ಭೇಟಿಗೆ, ಅದಕ್ಕಾಗಿ ಬಿಟ್ಟ ಕೆಲಸದ ದಿನಗಳಿಗೆ. ಮಾತ್ರೆಯ ಪಟ್ಟಿಯ ಮೇಲಿನ ಬೆಲೆ ನೋಡಿ ಅಗ್ಗ ಅಂದುಕೊಳ್ಳಬೇಡಿ.

ಲಿಥಿಯಂ

ಇದು ಕಾರ್ಖಾನೆಯಲ್ಲಿ ಹುಟ್ಟಿದ ಅಣುವಲ್ಲ. ಮೂಲವಸ್ತುಗಳ ಪಟ್ಟಿಯಲ್ಲಿ ಮೂರನೆಯದು, ಮಾತ್ರೆಯಲ್ಲಿರುವುದು ಅದರ ಲವಣ. 1949ರಲ್ಲಿ ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್ ಮೇನಿಯಾ ಇದ್ದವರಿಗೆ ಇದನ್ನು ಕೊಟ್ಟು ನೋಡಿದರು. 1954ರಲ್ಲಿ ಡೆನ್ಮಾರ್ಕಿನ ಮೋಗೆನ್ಸ್ ಶೌ ಮತ್ತು ಸಂಗಡಿಗರು ಪದ್ಧತಿಯ ಪ್ರಕಾರ ಪರೀಕ್ಷಿಸಿದರು. ಅಮೆರಿಕ ಒಪ್ಪಿಗೆ ಕೊಟ್ಟದ್ದು 1970ರಲ್ಲಿ. ಇಷ್ಟು ಹಳೆಯದಾದರೂ ಮುಂದಿನ ಏರುಪೇರು ತಡೆಯುವ ಕೆಲಸದಲ್ಲಿ ಇವತ್ತಿಗೂ ಎಲ್ಲರೂ ಇದಕ್ಕೇ ಹೋಲಿಸಿ ನೋಡುವುದು. ಆತ್ಮಹತ್ಯೆಯ ಅಪಾಯ ತಗ್ಗಿಸುವ ವಿಷಯದಲ್ಲೂ ಇದರ ಪರವಾಗಿರುವಷ್ಟು ಪುರಾವೆ ಉಳಿದ ಮೂರರ ಪರವಾಗಿಲ್ಲ. ಆದರೆ ಇದೇ ಮಾತ್ರೆಯನ್ನು ಒಮ್ಮೆಲೇ ಜಾಸ್ತಿ ನುಂಗಿದರೆ ಜೀವಕ್ಕೆ ಅಪಾಯ. ಸಾಯುವ ಯೋಚನೆ ಬರುತ್ತಿದ್ದರೆ ಅದನ್ನು ಡಾಕ್ಟರಿಗೂ ಮನೆಯವರಿಗೂ ಅವತ್ತೇ ಹೇಳಬೇಕು, ಮಾತ್ರೆಯ ಡಬ್ಬಿ ಬೇರೆಯವರ ಕೈಯಲ್ಲಿರಬೇಕು. ನನ್ನದು ಎರಡು ವರ್ಷ ಅಕ್ಕನ ಬೀರುವಿನಲ್ಲಿತ್ತು.

ಇದರ ಕಷ್ಟ ಇರುವುದು ಕಿರಿದಾದ ದಾರಿಯಲ್ಲಿ. ದಿನಾ ನುಂಗುವವರ ರಕ್ತದಲ್ಲಿ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 0.8 ಮಿಲಿಮೋಲ್ ಇರಬೇಕು. ಮೇನಿಯಾ ಇದ್ದಾಗ 1ರವರೆಗೆ ಹೋಗಬಹುದು. 1.5 ದಾಟಿದರೆ ವಿಷ. ಅಂದರೆ ಕೆಲಸ ಮಾಡುವ ಪ್ರಮಾಣಕ್ಕೂ ವಿಷಕ್ಕೂ ನಡುವೆ ಜಾಸ್ತಿ ಜಾಗ ಇಲ್ಲ. ಅದಕ್ಕೇ ಮೊದಲು ವಾರಕ್ಕೊಮ್ಮೆ ರಕ್ತ, ಮಟ್ಟ ನಿಂತ ಮೇಲೆ ಮೂರು ತಿಂಗಳಿಗೊಮ್ಮೆ. ಕಿಡ್ನಿ, ಥೈರಾಯ್ಡ್, ಕ್ಯಾಲ್ಸಿಯಂ ಆರು ತಿಂಗಳಿಗೊಮ್ಮೆ.

ರಕ್ತ ಕೊಡಬೇಕಾದದ್ದು ಕೊನೆಯ ಮಾತ್ರೆ ನುಂಗಿ 12 ಗಂಟೆಯಾದ ಮೇಲೆ. ರಾತ್ರಿ 9ಕ್ಕೆ ನುಂಗಿದರೆ ಬೆಳಿಗ್ಗೆ 9ಕ್ಕೆ. ಆಗ ನನಗೆ ದಿನಕ್ಕೆ ಎರಡು ಹೊತ್ತು ಮಾತ್ರೆ ಇತ್ತು. ಒಮ್ಮೆ ಅಭ್ಯಾಸಬಲದಿಂದ ಬೆಳಗಿನದನ್ನೂ ನುಂಗಿ ಲ್ಯಾಬಿಗೆ ಹೋದೆ. ವರದಿಯಲ್ಲಿ 1.3. ಮನೆಯಲ್ಲಿ ಯಾರಿಗೂ ಮಧ್ಯಾಹ್ನದ ಊಟ ಗಂಟಲಲ್ಲಿ ಇಳಿಯಲಿಲ್ಲ. ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: "ಬೆಳಿಗ್ಗೆ ಮಾತ್ರೆ ತಗೊಂಡು ಹೋಗಿದ್ರಾ?" ಮತ್ತೆ ಸರಿಯಾದ ಹೊತ್ತಿಗೆ ಕೊಟ್ಟಾಗ 0.7 ಬಂತು.

ನೀರು ಮತ್ತು ಉಪ್ಪಿನ ಸಂಗತಿ ಇನ್ನೂ ಮುಖ್ಯ. ಮೈಯಿಂದ ನೀರು ಹೋದರೆ ಲಿಥಿಯಂ ರಕ್ತದಲ್ಲಿ ಏರುತ್ತದೆ. ಯಾಕಂದ್ರೆ ಕಿಡ್ನಿ ಲಿಥಿಯಂ ಮತ್ತು ಸೋಡಿಯಂ ಎರಡನ್ನೂ ಒಂದೇ ಥರ ನೋಡುತ್ತದೆ. ಸೋಡಿಯಂ ಕಡಿಮೆಯಾಯ್ತು ಅನ್ನಿಸಿದರೆ ಹಿಡಿದಿಟ್ಟುಕೊಳ್ಳುತ್ತದೆ, ಜೊತೆಗೆ ಲಿಥಿಯಮ್ಮನ್ನೂ. ಹಾಗಾಗಿ ವಾಂತಿ, ಭೇದಿ, ಜೋರು ಜ್ವರ, ದಿಢೀರನೆ ಉಪ್ಪು ಬಿಡೋದು, ಬಿಸಿಲಲ್ಲಿ ಬೆವರು ಸುರಿಸುವ ಕೆಲಸ, ಇವೆಲ್ಲ ಅಪಾಯ. ಐಬುಪ್ರೊಫೆನ್ ಥರದ ನೋವಿನ ಮಾತ್ರೆ, ಬಿಪಿಗೆ ಕೊಡುವ ಕೆಲವು ಮಾತ್ರೆ, ಮೂತ್ರ ಜಾಸ್ತಿ ಮಾಡಿಸುವ ಥಯಾಜೈಡ್ ಮಾತ್ರೆ ಕೂಡ ಮಟ್ಟ ಏರಿಸುತ್ತವೆ. ಕೈ ಜೋರಾಗಿ ನಡುಗುವುದು, ವಾಂತಿ, ಮಾತು ತೊದಲುವುದು, ನಡೆಯುವಾಗ ತೂರಾಡುವುದು ಕಂಡರೆ ಮುಂದಿನ ಮಾತ್ರೆ ನುಂಗದೆ ನೇರ ಆಸ್ಪತ್ರೆಗೆ ಹೋಗಬೇಕು.

ಸಾಮಾನ್ಯ ತೊಂದರೆ: ಸಣ್ಣ ನಡುಕ, ಬಾಯಾರಿಕೆ, ಪದೇ ಪದೇ ಮೂತ್ರ, ಸ್ವಲ್ಪ ತೂಕ. ಥೈರಾಯ್ಡ್ ಮಂದವಾದರೆ ಅದಕ್ಕೆ ಇನ್ನೊಂದು ಮಾತ್ರೆ. ವರ್ಷಗಟ್ಟಲೆ ನುಂಗಿದವರಲ್ಲಿ ಕೆಲವರ ಕಿಡ್ನಿ ಸೋಲುತ್ತಾ ಬರಬಹುದು, ಪರೀಕ್ಷೆ ತಪ್ಪಿಸಬಾರದು ಅನ್ನೋದು ಅದಕ್ಕೇ. ಒಂದು ಬ್ರ್ಯಾಂಡಿನಿಂದ ಇನ್ನೊಂದಕ್ಕೆ ಹಾರುವಾಗಲೂ ಡಾಕ್ಟರಿಗೆ ಹೇಳಿ, ನಿಧಾನವಾಗಿ ಕರಗುವ ಮಾತ್ರೆಗಳು ಎಲ್ಲ ಒಂದೇ ಥರ ಅಲ್ಲ.

ಯಾರಿಗೆ? ಟೈಪ್ 1 ಇದ್ದು, ಏರು, ತಗ್ಗು, ನಡುವೆ ಚೆನ್ನಾಗಿರುವ ಕಾಲ ಹೀಗೆ ಬಿಡಿಬಿಡಿಯಾಗಿ ಬರುವವರಿಗೆ. ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಇದು ಚೆನ್ನಾಗಿ ಹತ್ತಿದ್ದರೆ ಇನ್ನೂ ಒಳ್ಳೆಯದು. ಕಿಡ್ನಿ ತೊಂದರೆ ಇರುವವರಿಗೆ, ಲ್ಯಾಬು ಕೈಗೆಟುಕದವರಿಗೆ, ವಾರಕ್ಕೆರಡು ಸಲ ಮಾತ್ರೆ ಮರೆಯುವವರಿಗೆ ಬೇಡ. ಇದನ್ನು ಥಟ್ಟನೆ ನಿಲ್ಲಿಸಿದರೆ ಮೇನಿಯಾ ಮರುಕಳಿಸುವ ಅಪಾಯ ಜಾಸ್ತಿ.

ವ್ಯಾಲ್ಪ್ರೊಯೇಟ್

ಇದರ ಗುಣ ಗೊತ್ತಾದ ಕಥೆ ನನಗೆ ಇಷ್ಟ. ಮೊದಲು ಇದನ್ನು ಬೇರೆ ಔಷಧಿಗಳನ್ನು ಕರಗಿಸುವ ದ್ರವವಾಗಿ ಬಳಸುತ್ತಿದ್ದರು. 1962ರ ಸುಮಾರಿಗೆ ಫ್ರಾನ್ಸಿನಲ್ಲಿ ಪರೀಕ್ಷೆ ಮಾಡುವಾಗ, ಇದರಲ್ಲಿ ಕರಗಿಸಿ ಕೊಟ್ಟದ್ದೆಲ್ಲ ಅಪಸ್ಮಾರ ತಡೆಯುತ್ತಿತ್ತು. ಆಮೇಲೆ ಗೊತ್ತಾಯ್ತು, ಕೆಲಸ ಮಾಡುತ್ತಿದ್ದದ್ದು ಆ ದ್ರವವೇ ಅಂತ.

ಏರನ್ನು ಬೇಗ ಇಳಿಸುವುದು ಇದರ ದೊಡ್ಡ ಗುಣ. ಲಿಥಿಯಂ ಥರ ದಿನಗಟ್ಟಲೆ ಕಾಯದೆ ಮೊದಲೇ ದೊಡ್ಡ ಪ್ರಮಾಣ ಕೊಡಬಹುದು. ಲಿವರ್ ಮತ್ತು ರಕ್ತದ ಪರೀಕ್ಷೆ ಬೇಕು, ಆದರೆ ಲಿಥಿಯಮ್ಮಿನಷ್ಟು ಕಟ್ಟುನಿಟ್ಟಲ್ಲ. ತಗ್ಗಿಗೆ ಇದರ ನೆರವು ಕಡಿಮೆ. ಮುಂದಿನದನ್ನು ತಡೆಯುವುದರಲ್ಲೂ ಲಿಥಿಯಂಗಿಂತ ಹಿಂದೆ. 2010ರಲ್ಲಿ ಪ್ರಕಟವಾದ ಬ್ಯಾಲೆನ್ಸ್ ಎಂಬ ಅಧ್ಯಯನದಲ್ಲಿ 330 ಜನರನ್ನು ಎರಡು ವರ್ಷದವರೆಗೆ ಹಿಂಬಾಲಿಸಿ ನೋಡಿದಾಗ, ಬರೀ ವ್ಯಾಲ್ಪ್ರೊಯೇಟ್ ನುಂಗಿದವರಿಗಿಂತ ಬರೀ ಲಿಥಿಯಂ ನುಂಗಿದವರೂ, ಎರಡನ್ನೂ ನುಂಗಿದವರೂ ಮೇಲಾಗಿದ್ದರು.

ಈಗ ಗರ್ಭದ ವಿಷಯ. ಗರ್ಭಿಣಿ ಇದನ್ನು ನುಂಗಿದರೆ ಹುಟ್ಟುವ ಹತ್ತು ಮಕ್ಕಳಲ್ಲಿ ಒಂದಕ್ಕೆ ಬೆನ್ನುಹುರಿ, ಹೃದಯ, ಸೀಳು ತುಟಿಯಂಥ ಹುಟ್ಟು ದೋಷ. ಹತ್ತರಲ್ಲಿ ಮೂರು ನಾಲ್ಕು ಮಕ್ಕಳಿಗೆ ಮಾತು, ಕಲಿಕೆ, ಬೆಳವಣಿಗೆಯಲ್ಲಿ ತೊಡಕು. ಬೆನ್ನುಹುರಿಯ ನಾಳ ಮುಚ್ಚುವುದು ಗರ್ಭದ ಮೊದಲ ನಾಲ್ಕು ವಾರದಲ್ಲಿ. ಮುಟ್ಟು ತಪ್ಪಿತು ಅಂತ ಅನುಮಾನ ಬರುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಮಗು ಈಗ ಬೇಡ ಅನ್ನುವವರೂ ಯೋಚಿಸಬೇಕು ಅಂದದ್ದು ಇದಕ್ಕೇ. ಬ್ರಿಟನ್ನಿನಲ್ಲಿ 2018ರಿಂದ ಕಟ್ಟುಪಾಡು ಇದೆ. 2024ರಿಂದ 55 ವರ್ಷದೊಳಗಿನ ಗಂಡಸರಿಗೂ ಹೆಂಗಸರಿಗೂ ಹೊಸದಾಗಿ ಶುರು ಮಾಡಬೇಕಾದರೆ ಇಬ್ಬರು ತಜ್ಞರು ಒಪ್ಪಬೇಕು.

ನನಗೆ ಇದನ್ನು ಕೊಟ್ಟಾಗ 24 ವರ್ಷ. ಯಾರೂ ಒಂದು ಮಾತು ಹೇಳಲಿಲ್ಲ. ಎರಡು ವರ್ಷ ಆದ ಮೇಲೆ ಡಬ್ಬಿಯೊಳಗೆ ಮಡಿಸಿಟ್ಟಿದ್ದ ಕಾಗದವನ್ನು ನನ್ನ ಗೆಳತಿ ಬಿಡಿಸಿ ಓದಿ, ನನ್ನ ಮುಖ ನೋಡಿದಳು. ಅಷ್ಟರಲ್ಲಿ ನನ್ನ ತೂಕ ಒಂಬತ್ತು ಕಿಲೋ ಏರಿತ್ತು, ಬಾಚಣಿಗೆಯಲ್ಲಿ ದಿನಾ ಕೂದಲಿನ ಉಂಡೆ. ಅವೆರಡನ್ನೂ ಸಹಿಸಿಕೊಂಡಿದ್ದೆ, ಕಾಯಿಲೆಯ ಜೊತೆ ಬಂದದ್ದು ಅಂತ. ಕೇಳದೇ ಉಳಿದ ಆ ಒಂದು ಪ್ರಶ್ನೆಯನ್ನು ಸಹಿಸೋಕೆ ಆಗಲಿಲ್ಲ. ಹಾಗಂತ ಅವತ್ತೇ ಮಾತ್ರೆ ಎಸೆಯಲಿಲ್ಲ, ಡಾಕ್ಟರನ್ನು ಬದಲಾಯಿಸಿದೆ. ಹೊಸಬರು ಲಿಥಿಯಂ ಶುರು ಮಾಡಿ, ಇದನ್ನು ವಾರಗಟ್ಟಲೆ ಮೆಲ್ಲಗೆ ಇಳಿಸಿದರು. ನೀವೂ ಈಗ ಇದನ್ನು ನುಂಗುತ್ತಿದ್ದರೆ ಇದನ್ನು ಓದಿ ನಿಲ್ಲಿಸಬೇಡಿ, ಗರ್ಭ ನಿಂತಿರುವ ಅನುಮಾನ ಇದ್ದರೂ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ ಕೇಳಿ.

ಮಗುವಾಗುವ ವಯಸ್ಸು ದಾಟಿದವರಿಗೆ, ಲಿಥಿಯಂ ಹತ್ತದವರಿಗೆ, ಏರು ಜೋರಾಗಿದ್ದು ಬೇಗ ಇಳಿಯಬೇಕಾದಾಗ ಇದು ಒಳ್ಳೆಯ ಔಷಧಿಯೇ. ಲಿವರ್ ತೊಂದರೆ ಇದ್ದವರಿಗೆ ಅಲ್ಲ.

ಲ್ಯಾಮೊಟ್ರಿಜಿನ್

ಇದು ನಾನು ನುಂಗದೇ ಉಳಿದದ್ದು. ಮೇಲೆ ಹೇಳಿದ ಗೆಳತಿ ನುಂಗುತ್ತಾಳೆ, ಅವಳದು ಟೈಪ್ 2. ಡಬ್ಬಿಯೊಳಗಿನ ಕಾಗದ ಓದುವ ಅಭ್ಯಾಸ ಅವಳಿಗೆ ಸುಮ್ನೆ ಬಂದದ್ದಲ್ಲ ನೋಡಿ.

ಲ್ಯಾಮೊಟ್ರಿಜಿನ್ ಮತ್ತೆ ತಗ್ಗಿಗೆ ಬೀಳದ ಹಾಗೆ ತಡೆಯುತ್ತದೆ. ತೂಕ ಏರಿಸುವುದಿಲ್ಲ ಅಂತಲೇ ಹೇಳಬಹುದು, ಮಂಪರು ಕಡಿಮೆ, ಪದೇ ಪದೇ ರಕ್ತ ಕೊಡುವ ರಗಳೆ ಇಲ್ಲ. ಇವುಗಳಲ್ಲಿ ಗರ್ಭಕ್ಕೆ ಕಡಿಮೆ ಅಪಾಯದ್ದು ಅಂತ ಡಾಕ್ಟರುಗಳು ಒಲಿಯುವುದೂ ಇದರ ಕಡೆಗೇ. ಆದರೆ ಗರ್ಭಿಣಿಯರ ರಕ್ತದಲ್ಲಿ ಇದರ ಮಟ್ಟ ಇಳಿಯುತ್ತದೆ, ಪ್ರಮಾಣ ನೋಡಿಕೊಳ್ಳುತ್ತಿರಬೇಕು.

ಇಷ್ಟೆಲ್ಲ ಒಳ್ಳೆಯದಾದರೆ ಎಲ್ಲರಿಗೂ ಇದನ್ನೇ ಕೊಡಬಾರದಾ? ಆಗಲ್ಲ. ಮೇನಿಯಾ ಬಂದಾಗ ಇದು ಕೈ ಹಿಡಿಯುವುದಿಲ್ಲ. ಪೂರ್ತಿ ಪ್ರಮಾಣಕ್ಕೆ ಏರಿಸಲು ಆರು ವಾರ ಬೇಕು: ಸಾಮಾನ್ಯವಾಗಿ ಎರಡು ವಾರ 25 ಮಿ.ಗ್ರಾಂ, ಮತ್ತೆರಡು ವಾರ 50, ಆಮೇಲೆ 100, ಕೊನೆಗೆ 200. ಅವಸರ ಮಾಡಿದರೆ ಚರ್ಮ ಸುಲಿದು ಬೊಕ್ಕೆ ಏಳುವ, ಜೀವಕ್ಕೇ ಎರವಾಗಬಹುದಾದ ಸ್ಟೀವನ್ಸ್-ಜಾನ್ಸನ್ ಎಂಬ ತೊಂದರೆ ಬರಬಹುದು. ಅಂಥದ್ದು ಅಪರೂಪ, ದೊಡ್ಡವರಲ್ಲಿ ಸಾವಿರಕ್ಕೆ ಒಬ್ಬರ ಆಸುಪಾಸು. ಸಾದಾ ದದ್ದು ಹತ್ತರಲ್ಲಿ ಒಬ್ಬರಿಗೆ ಏಳುತ್ತೆ. ಎರಡರ ವ್ಯತ್ಯಾಸ ನಾವು ಕನ್ನಡಿ ಮುಂದೆ ನಿಂತು ಹೇಳೋಕಾಗಲ್ಲ, ದದ್ದು ಕಂಡ ದಿನವೇ ತೋರಿಸಬೇಕು.

ಐದು ದಿನಕ್ಕಿಂತ ಹೆಚ್ಚು ಮರೆತರೆ ನೇರ 200ಕ್ಕೆ ಹಾರುವ ಹಾಗಿಲ್ಲ, ಮತ್ತೆ 25ರಿಂದ ಶುರು. ಪ್ರವಾಸಕ್ಕೆ ಹೋದಾಗ ಡಬ್ಬಿ ಮರೆತ ನನ್ನ ಗೆಳತಿ ಆ ಆರು ವಾರವನ್ನು ಎರಡನೇ ಸಲ ಹತ್ತಿದಳು. ಈಗ ಅವಳ ಪ್ರತಿ ಬ್ಯಾಗಿನಲ್ಲೂ ಒಂದು ಪಟ್ಟಿ ಇರುತ್ತೆ. ವ್ಯಾಲ್ಪ್ರೊಯೇಟ್ ಜೊತೆಗಿದ್ದರೆ ಇದರ ಮಟ್ಟ ಸುಮಾರು ಇಮ್ಮಡಿ, ಹಾಗಾಗಿ ಪ್ರಮಾಣ ಅರ್ಧ. ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆ ಇದರ ಮಟ್ಟವನ್ನು ಅರ್ಧಕ್ಕೆ ಇಳಿಸಬಲ್ಲದು. ಆ ಮಾತ್ರೆ ಶುರು ಮಾಡುವಾಗಲೂ ಬಿಡುವಾಗಲೂ ಮನೋವೈದ್ಯರಿಗೆ ಹೇಳಬೇಕು.

ಕ್ವೆಟಿಯಾಪಿನ್ ಮತ್ತು ಅದರ ಬಳಗ

ಕ್ವೆಟಿಯಾಪಿನ್ ಏರಿಗೂ ತಗ್ಗಿಗೂ ಎರಡಕ್ಕೂ ಕೆಲಸ ಮಾಡುತ್ತದೆ, ಕೆಲಸ ಬೇಗ ಶುರುವಾಗುತ್ತದೆ. ನಿದ್ದೆ ಹಾರಿಹೋದವರಿಗೆ ಮೊದಲ ರಾತ್ರಿಯೇ ಗೊತ್ತಾಗುತ್ತೆ. ಬೈಪೋಲಾರ್ ಖಿನ್ನತೆಗೆ ಸಾಮಾನ್ಯವಾಗಿ ರಾತ್ರಿ 300 ಮಿ.ಗ್ರಾಂ. ಆದರೆ ಬೆಳಿಗ್ಗೆ ತಲೆಯೊಳಗೆ ಒದ್ದೆ ಹತ್ತಿ ತುಂಬಿದ ಹಾಗೆ. ನಾನು ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡು ಗೋಡೆಗೆ ಒರಗಿ ನಿದ್ದೆ ಹೋಗಿದ್ದೆ. ತೂಕ, ಸಕ್ಕರೆ, ಕೊಲೆಸ್ಟ್ರಾಲ್ ಮೂರೂ ಏರಬಹುದು. ಶುರುವಿಗೆ ಮುಂಚೆ, ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ನೋಡಿಸಬೇಕು. ಸಕ್ಕರೆ ಕಾಯಿಲೆ ಇದ್ದವರು, ಮುಂಜಾನೆ ಗಾಡಿ ಓಡಿಸುವ ಕೆಲಸದವರು ಮೊದಲೇ ಹೇಳಿಬಿಡಿ.

ಇನ್ನು ಇದೇ ಬಳಗದ ಬೇರೆ ಔಷಧಿಗಳು. ಓಲಾಂಜಪಿನ್ ಮೇನಿಯಾ ಬೇಗ ಇಳಿಸುತ್ತದೆ, ತೂಕ ಏರಿಸುವುದರಲ್ಲೂ ಅದೇ ಮುಂದು. ಅರಿಪಿಪ್ರಜೋಲ್ ತೂಕಕ್ಕೆ ಹಗುರ, ಆದರೆ ಕೆಲವರಿಗೆ ಕೂತಲ್ಲಿ ಕೂರಲಾಗದ ಚಡಪಡಿಕೆ. ತಿಂಗಳಿಗೊಂದು ಇಂಜೆಕ್ಷನ್ ಆಗಿಯೂ ಸಿಗುತ್ತದೆ, ಮಾತ್ರೆ ಮರೆಯುವವರಿಗೆ ಅದೊಂದು ದಾರಿ. ಲುರಾಸಿಡೋನ್ ತಗ್ಗಿಗೆ ಒಳ್ಳೆಯದು, ಆದರೆ ಕನಿಷ್ಠ 350 ಕ್ಯಾಲರಿಯ ಊಟದ ಜೊತೆ ನುಂಗದಿದ್ದರೆ ಅರ್ಧ ಮೈಗೆ ಹತ್ತುವುದೇ ಇಲ್ಲ.

ಬರೀ ಖಿನ್ನತೆಯ ಮಾತ್ರೆ ಸಾಲದಾ?

ತಗ್ಗಿನಲ್ಲಿದ್ದಾಗ ಡಾಕ್ಟರ ಹತ್ತಿರ ಹೋದವರು ಹಿಂದಿನ ಏರಿನ ಕಥೆ ಹೇಳುವುದಿಲ್ಲ. ಅದು ಕಾಯಿಲೆ ಅಂತಲೇ ಅವರಿಗೆ ಅನಿಸಿರುವುದಿಲ್ಲ. ಆಗ ಬರೀ ಖಿನ್ನತೆಯ ಮಾತ್ರೆ ಸಿಗುತ್ತೆ, ಕೆಲವರು ಅದರಿಂದ ನೇರ ಏರಿಗೆ ಹಾರುತ್ತಾರೆ. ಟೈಪ್ 1 ಇದ್ದವರಿಗೆ ಇದನ್ನು ಒಂಟಿಯಾಗಿ ಕೊಡಬಾರದು ಅನ್ನುವುದರಲ್ಲಿ ತಜ್ಞರಿಗೆ ಹೆಚ್ಚು ಭಿನ್ನಾಭಿಪ್ರಾಯ ಇಲ್ಲ.

ಮಾತ್ರೆ ಬೇಡ, ಬರೀ ಮಾತಿನ ಚಿಕಿತ್ಸೆ ಸಾಕಾ ಅಂತಲೂ ಕೇಳುತ್ತಾರೆ. ಅದು ಮಾತ್ರೆಯ ಬದಲಿಗೆ ಅಲ್ಲ, ಜೊತೆಗೆ. ಕೈಯಲ್ಲಿ ಸ್ವಲ್ಪವೇ ದುಡ್ಡಿದ್ದರೆ ಗುಂಪಿನಲ್ಲಿ ಕೂತು ಕಾಯಿಲೆಯ ಬಗ್ಗೆ ಕಲಿಯುವ ತರಗತಿಗೆ ಹಾಕಿ. ಬಾರ್ಸಿಲೋನಾದಲ್ಲಿ 120 ಜನರ ಮೇಲೆ ನಡೆದ, 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ 21 ತರಗತಿಗೆ ಹೋದವರಿಗೆ ಮರುಕಳಿಸುವುದು ಕಡಿಮೆಯಾಗಿತ್ತು. ಮನೆಯಲ್ಲಿ ದಿನಾ ಜಗಳ ಇದ್ದರೆ ಮನೆಯವರನ್ನೂ ಕೂರಿಸಿಕೊಂಡು ಮಾಡುವ ಚಿಕಿತ್ಸೆ ಮೇಲು. ಮಲಗುವ, ಏಳುವ, ಉಣ್ಣುವ ಹೊತ್ತನ್ನು ಗಟ್ಟಿ ಮಾಡುವ ಚಿಕಿತ್ಸೆಯೂ ಒಂದಿದೆ. ಪಾಳಿ ಕೆಲಸದವರಿಗೆ ನಾನು ಅದನ್ನೇ ಹೇಳುವುದು, ಯಾಕಂದ್ರೆ ಒಂದೆರಡು ರಾತ್ರಿ ನಿದ್ದೆ ಕೆಟ್ಟರೂ ಏರು ಶುರುವಾಗಬಲ್ಲದು.

ಹಾಗಾದರೆ ನೀವು?

ಜೋರು ಮೇನಿಯಾ ಬಂದುಹೋಗಿದೆ, ಕಿಡ್ನಿ ಚೆನ್ನಾಗಿದೆ, ಲ್ಯಾಬಿಗೆ ಹೋಗೋಕೆ ಬೇಜಾರಿಲ್ಲ ಅನ್ನುವವರು ಲಿಥಿಯಂ ಬಗ್ಗೆ ಮೊದಲು ಕೇಳಿ. ಟೈಪ್ 2, ತಗ್ಗೇ ಜಾಸ್ತಿ, ತೂಕದ ಭಯ, ಮುಂದೆ ಮಗು ಬೇಕು ಅನ್ನುವವರಿಗೆ ಲ್ಯಾಮೊಟ್ರಿಜಿನ್, ಆದರೆ ಆರು ವಾರ ಕಾಯುವ ಸ್ಥಿತಿಯಲ್ಲಿದ್ದರೆ ಮಾತ್ರ. ಕಾಯುವಷ್ಟು ತಾಳ್ಮೆ ಕಾಯಿಲೆಗೇ ಇಲ್ಲದಿದ್ದರೆ ಕ್ವೆಟಿಯಾಪಿನ್‌ನಿಂದ ಶುರು ಮಾಡಿ, ಅದರ ನೆರಳಲ್ಲಿ ಇನ್ನೊಂದನ್ನು ಏರಿಸಿಕೊಳ್ಳಬಹುದಾ ಅಂತ ಕೇಳಿ. ವಯಸ್ಸಾಗಿದೆ, ಬಿಪಿ ಮಾತ್ರೆಯೂ ಕೀಲು ನೋವಿನ ಮಾತ್ರೆಯೂ ನಡೀತಿದೆ ಅಂದರೆ ಲಿಥಿಯಂ ತೊಡಕಿನದು, ಎಲ್ಲ ಡಬ್ಬಿಗಳನ್ನೂ ಚೀಲದಲ್ಲಿ ಹಾಕಿಕೊಂಡೇ ಹೋಗಿ. ಲಿಥಿಯಂ ನುಂಗುತ್ತಾ ಗರ್ಭ ಬಯಸುವವರಿಗೂ ದಾರಿ ಇದೆ. ಮಗುವಿನ ಹೃದಯಕ್ಕೆ ಅಪಾಯ ಸ್ವಲ್ಪ ಏರುತ್ತದೆ, ಪ್ರಮಾಣ ಹೆಚ್ಚಿದ್ದಷ್ಟೂ ಜಾಸ್ತಿ. ಗರ್ಭ ನಿಲ್ಲುವ ಮುಂಚೆಯೇ ಕೂತು ಲೆಕ್ಕ ಹಾಕಬೇಕು. ಹೆರಿಗೆಯಾದ ಮೊದಲ ವಾರಗಳಲ್ಲಿ ಕಾಯಿಲೆ ಮರುಕಳಿಸುವುದು ಜಾಸ್ತಿ, ಲೆಕ್ಕದಲ್ಲಿ ಅದೂ ಇರಬೇಕು. ಒಂದೇ ಮಾತ್ರೆಯಲ್ಲಿ ಎಲ್ಲ ಮುಗಿಯದೆ ಎರಡು ಬೇಕಾದರೆ ನೀವು ಸೋತಿರಿ ಅಂತಲ್ಲ, ಬಹಳ ಜನರ ಕಥೆ ಅದೇ.

ಡಾಕ್ಟರ ಹತ್ತಿರ ಹೋಗುವಾಗ ಒಂದು ಹಾಳೆ ಒಯ್ಯಿರಿ. ಎಡಗಡೆ ವರ್ಷ, ತಿಂಗಳು. ಪಕ್ಕದಲ್ಲಿ ಏರೋ ತಗ್ಗೋ, ಎಷ್ಟು ವಾರ, ಆಗ ಎಷ್ಟು ಗಂಟೆ ನಿದ್ದೆ, ಯಾವ ಮಾತ್ರೆ, ಏನಾಯ್ತು. ನನ್ನದು ಒಂದು ಬದಿ ಮಾತ್ರ ಇತ್ತು, ಅದನ್ನು ನೋಡಿ ಹೊಸ ಡಾಕ್ಟರು ಹತ್ತು ನಿಮಿಷದಲ್ಲಿ ವಿಷಯಕ್ಕೆ ಬಂದರು. ಹಾಳೆಯ ಕೊನೆಯ ಸಾಲು ನಾನು ಬರೆದದ್ದಲ್ಲ, ಅಕ್ಕ ಬರೆದದ್ದು: "ರಾತ್ರಿ ಹೊತ್ತು ಕಪಾಟು ಜೋಡಿಸೋಕೆ ಶುರು ಮಾಡಿದರೆ ಅವಳು ಬೇಡ ಅಂದ್ರೂ ಡಾಕ್ಟರಿಗೆ ಫೋನ್ ಮಾಡ್ತೀನಿ." ಅದರ ಕೆಳಗೆ ನನ್ನ ಸಹಿ ಇದೆ.